ನೀಲಾ ಕೈ ಮುಗಿದ ಚಳಿಗಾಲ

ಕಳೆದ ಭಾನುವಾರ ಬಾಣಾವರದಲ್ಲಿ ನೆಂಟರೊಬ್ಬರ ಮನೆಯ ಗೃಹಪ್ರವೇಶ. ಮಗಳು ನೀಲಾಳನ್ನು ಅವಳಪ್ಪನ ಹತ್ತಿರ ಅರಸೀಕೆರೆಯಲ್ಲೇ ಬಿಟ್ಟು ನಾನೂ ಅತ್ತೆಯೂ ಹೋಗಿದ್ದೆವು. ಹೊಸ ಬಣ್ಣ, ವಿಭೂತಿ, ಹಿತ್ತಲಲ್ಲಿ ಬೇಯುತ್ತಿದ್ದ ಅವರೆಕಾಳು, ಮೂರೂ ವಾಸನೆ ನಡುಮನೆಯಲ್ಲಿ ಬೆರೆತಿದ್ದವು. ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ. ಹೆಂಗಸರ ಗುಂಪಿನ ನಡುವೆ ಎಂಟು ತಿಂಗಳ ಕೂಸೊಂದು ತಾಯಿಯ ತೊಡೆಯ ಮೇಲೆ ಕೂತಿತ್ತು. ಯಾರೋ “ಮಾಮಿಗೆ ಜೋತ ಮಾಡು ಕಂದಾ” ಎಂದರು. ಕೂಸು ತಲೆ ತಗ್ಗಿಸಿ ಎರಡೂ ಕೈ ಒಟ್ಟಿಗೆ ತಂದಿತು. ಎಲ್ಲರೂ ನಕ್ಕರು. ನನ್ನ ಕೈಯಲ್ಲಿದ್ದ ಪಾನಕ ಸೀರೆಯ ಮೇಲೆ ಚೆಲ್ಲಿತು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು.

ಎಂಟು ತಿಂಗಳ ಕೂಸು ಕೈ ಮುಗಿದರೆ ಹೆದರುವ ಹೆಂಗಸರು ಈ ತಾಲ್ಲೂಕಿನಲ್ಲಿ ನಾವಿಬ್ಬರೇ ಇರಬೇಕು. ಅದಕ್ಕೆ ಕಾರಣವಾದ ಚಳಿಗಾಲ ಕಳೆದು ಮೂರು ವರ್ಷವಾಯಿತು. ಅದನ್ನು ನೆನೆಯಲು ನನಗೇನೂ ಇಷ್ಟವಿಲ್ಲ, ಆದರೆ ವಿಭೂತಿ ವಾಸನೆ ಬಂದರೆ ಸಾಕು, ಅದು ನನ್ನನ್ನು ಕೇಳದೆಯೇ ಬಂದು ಕೂರುತ್ತದೆ.

ನಮ್ಮದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರದ ಮನೆ. ಅಟ್ಟದ ತುಂಬ ಕಾಯಿ, ಅಂಗಳದ ತುಂಬ ಸಿಪ್ಪೆ, ದಿನವಿಡೀ ಜನ. ನಾನು ಹತ್ತಿರದ ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಪ್ರತಿ ವರ್ಷ ಹತ್ತನೇ ತರಗತಿಯ ಹಲಗೆಯ ಮೇಲೆ ನರಕೋಶದ ಚಿತ್ರ ಬರೆದು, ಭಾಗಗಳಿಗೆ ಹೆಸರು ಕೊಟ್ಟು, ಇದು ಪರೀಕ್ಷೆಗೆ ಬಂದೇ ಬರುತ್ತದೆ ಎಂದು ಹೇಳುವವಳು. ನೀಲಾ ಹುಟ್ಟಿದಾಗ ರಜೆ ಹಾಕಿದ್ದೆ. ಎರಡು ತಿಂಗಳಿಗೆ ನಕ್ಕಳು. ನಾಲ್ಕಕ್ಕೆ ನನ್ನ ಬಳೆ ಎತ್ತ ಹೋದರೆ ಅತ್ತ ಕಣ್ಣು ಹೊರಳಿಸುತ್ತಿದ್ದಳು. ಇದನ್ನೇಕೆ ಬರೆಯುತ್ತಿದ್ದೇನೆಂದರೆ, ಆಮೇಲೆ ಎಷ್ಟೋ ಜನ ಡಾಕ್ಟರುಗಳು ಕೇಳಿದ ಮೊದಲ ಪ್ರಶ್ನೆ ಇದೇ.

ಕಾರ್ತಿಕದ ಒಂದು ಸೋಮವಾರ ಬೆಳಗ್ಗೆ ಅತ್ತೆ ಎಡಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದರು. ನೀಲಾಗೆ ಆಗ ಐದು ತಿಂಗಳು. ಆಗಷ್ಟೇ ಎದ್ದಿದ್ದಳು. ಎತ್ತಿಕೊಂಡು ಬಂದು ಅವರ ಎದುರು ನನ್ನ ತೊಡೆಯ ಮೇಲೆ ಕೂರಿಸಿಕೊಂಡೆ. ಅತ್ತೆ ಗಂಟೆ ಆಡಿಸಿದರು. ಮಗುವಿನ ತಲೆ ತಟ್ಟನೆ ಮುಂದಕ್ಕೆ ಬಾಗಿತು, ಎರಡೂ ಕೈ ಮೇಲೆದ್ದು ಎದೆಯ ಹತ್ತಿರ ಕೂಡಿಕೊಂಡವು, ಮರುಕ್ಷಣ ಬಿಟ್ಟುಕೊಂಡವು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಮತ್ತೊಮ್ಮೆ. ಹೀಗೆ ಎಂಟು ಸಲ.

“ನೋಡೇ ಗಿರಿಜಾ, ಕೂಸು ಸರಣು ಮಾಡ್ತೈತೆ,” ಎಂದು ಅತ್ತೆ ಪೂಜೆ ಮಧ್ಯದಲ್ಲೇ ಮಾತಾಡಿದರು. ಪೂಜೆಗೆ ಕೂತಾಗ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕಣ್ಣಲ್ಲಿ ನೀರಿತ್ತು.

ನಾನೇನು ಮಾಡಿದೆ? ಅತ್ತೆ ಗಂಟೆ ಆಡಿಸುತ್ತಾ ಅದೇ ಮಾತನ್ನು ಮತ್ತೆ ಹೇಳುತ್ತಿದ್ದಂತೆ ಫೋನ್ ತೆಗೆದು ವಿಡಿಯೋ ಮಾಡಿದೆ. ತಪ್ಪನ್ನು ಅತ್ತೆಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಸುಲಭ, ಎಷ್ಟೋ ಸಲ ಕಟ್ಟಿಯೂ ಇದ್ದೇನೆ. ಆದರೆ ಆ ವಿಡಿಯೋ ಮಾಡಿದ್ದು ನಾನು, ನೆಂಟರ ಗುಂಪಿಗೆ ಕಳಿಸಿದ್ದು ನಾನು, ಕೆಳಗೆ ‘ನಮ್ಮನೆ ಪುಟ್ಟ ಶರಣೆ’ ಎಂದು ಬರೆದದ್ದೂ ನಾನೇ.

ವಾರದೊಳಗೆ ಬೀದಿಯವರೆಲ್ಲ ಪೂಜೆ ಹೊತ್ತಿಗೆ ಬರತೊಡಗಿದರು. ಮಗು ದಿನಾ ಎದ್ದ ಕೂಡಲೇ ಕೈ ಮುಗಿಯುತ್ತಿತ್ತು. ಅದು ಏಳುವ ಹೊತ್ತಿಗೇ ಪೂಜೆ, ಪೂಜೆಯ ಹೊತ್ತಿಗೇ ಗಂಟೆ. ಮಧ್ಯಾಹ್ನ ಮಲಗಿ ಎದ್ದಾಗಲೂ ಹಾಗೇ ಮಾಡುವುದನ್ನು ನಾನು ಕಂಡಿದ್ದೆ, ಆಗ ಗಂಟೆಯೂ ಇರಲಿಲ್ಲ, ಲಿಂಗವೂ ಇರಲಿಲ್ಲ. ಕಂಡದ್ದನ್ನು ಮನಸ್ಸಿನ ಒಂದು ಮೂಲೆಗೆ ತಳ್ಳಿದೆ. ಬೇಲೂರಿನಿಂದ ಅತ್ತೆಯ ತಂಗಿ ಬಂದು, “ಹಿಂದ್ಲ ಜನ್ಮದ ಶಿವಭಕ್ತೆ ಕಣಕ್ಕ ಇದು,” ಎಂದು ನೀಲಾಳ ಹಣೆಗೆ ಗೆರೆ ಎಳೆದು ವಿಭೂತಿ ಇಟ್ಟರು. ಕೈ ಮುಗಿದು ಮುಗಿಸಿದ ಮೇಲೆ ನೀಲಾ ಪ್ರತಿ ಸಲ ಅಳುತ್ತಿದ್ದಳು. ಹಸಿವು ಎಂದುಕೊಂಡು ಹಾಲು ಕೊಡುತ್ತಿದ್ದೆ. ಲಸಿಕೆ ಹಾಕಿಸಲು ಹೋದಾಗ ಡಾಕ್ಟರು ಏನಾದರೂ ತೊಂದರೆ ಇದೆಯಾ ಎಂದು ಕೇಳಿದರು. ಇಲ್ಲ ಎಂದೆ. ಹೆಮ್ಮೆಪಡುವ ವಿಷಯವನ್ನು ತೊಂದರೆ ಎಂದು ಯಾರು ಹೇಳುತ್ತಾರೆ?

ಮಾರ್ಗಶಿರದ ಕೊನೆಗೆ ನನ್ನ ಗಂಡ ಮಲ್ಲೇಶ ನಮ್ಮನ್ನು ಮನೆತನದ ಮಠಕ್ಕೆ ಕರೆದುಕೊಂಡು ಹೋದರು. ಸ್ವಾಮಿಗಳಿಗೆ ತೋರಿಸಬೇಕು ಎಂಬುದು ಅತ್ತೆಯ ಆಸೆ. ಕಾರಿನಲ್ಲಿ ನಿದ್ದೆ ಹೋಗಿದ್ದ ನೀಲಾ ಮಠದ ಹಜಾರದಲ್ಲಿ ಎದ್ದಳು, ಸ್ವಾಮಿಗಳ ಎದುರು ಹನ್ನೆರಡು ಸಲ ಬಾಗಿದಳು, ಆಮೇಲೆ ಅತ್ತಳು. ಅತ್ತೆ ಸೆರಗು ಹೊದ್ದು ಕಾಯುತ್ತಿದ್ದರು. ವಯಸ್ಸಾದ ಸ್ವಾಮಿಗಳು ಬಾಗಿ ಮಗುವಿನ ಮುಖ ನೋಡಿದರು. ಆಮೇಲೆ, “ಪ್ರತಿ ಸಲ ಹೀಗೆ ಅಳುತ್ತಾ?” ಎಂದು ಕೇಳಿದರು.

“ಹೂಂ ಬುದ್ಧಿ,” ಎಂದೆ.

“ಕೈ ಮುಗಿಯೋ ಮಗು ಯಾರಿಗೆ ಮುಗೀತಿದೀನಿ ಅಂತ ನೋಡಬೇಕಲ್ಲವ್ವ. ಇದು ಯಾರನ್ನೂ ನೋಡ್ತಾ ಇಲ್ಲ. ಡಾಕ್ಟರಿಗೆ ತೋರಿಸಿ. ನಾಳೆ ಅನ್ನಬೇಡಿ.”

ನಲವತ್ತು ದಿನದಿಂದ ನಾವೆಲ್ಲ ಮಗುವಿನ ಕೈಯನ್ನೇ ನೋಡುತ್ತಿದ್ದೆವು. ಮುಖ ನೋಡಿದವರು ಅವರೊಬ್ಬರೇ. ಕಾರಿನಲ್ಲಿ ಕೂತು ನೀಲಾಳ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡೆ. ಬಳೆ ಆಡಿಸಿದೆ. ಹೆಸರು ಹಿಡಿದು ಕರೆದೆ. ಅವಳ ಕಣ್ಣು ನನ್ನನ್ನು ದಾಟಿ ಕಿಟಕಿಯ ಕಡೆಗಿತ್ತು, ಕಿಟಕಿಯನ್ನೂ ಅವಳು ನೋಡುತ್ತಿರಲಿಲ್ಲ. ಇವಳು ಕೊನೆಯ ಸಲ ನಕ್ಕಿದ್ದು ಯಾವಾಗ ಎಂದು ನೆನೆಸಿಕೊಳ್ಳಲು ಹೋದೆ. ನೆನಪಾಗಲಿಲ್ಲ.

ಮರುದಿನ ಹಾಸನದಲ್ಲಿ ಮಕ್ಕಳ ನರರೋಗ ನೋಡುವ ಡಾಕ್ಟರ ಎದುರು ಕೂತೆವು. ನನ್ನದೇ ವಯಸ್ಸಿನ ಹೆಂಗಸು. ಮಾತು ಪೂರ್ತಿ ಕೇಳುವ ಮೊದಲೇ, “ವಿಡಿಯೋ ಏನಾದರೂ ಇದೆಯಾ?” ಎಂದರು. ಇತ್ತು. ಇಪ್ಪತ್ತಾರು ಇದ್ದವು. ಮೊದಲನೆಯದನ್ನು ಹಾಕಿದರು. ಆ ಸಣ್ಣ ಕೋಣೆಯಲ್ಲಿ ನಮ್ಮ ಮನೆಯ ಗಂಟೆ ಬಾರಿಸಿತು, ಅತ್ತೆಯ “ಸರಣು ಮಾಡ್ತೈತೆ” ಕೇಳಿಸಿತು, ನನ್ನ ನಗು ಕೇಳಿಸಿತು. ಡಾಕ್ಟರು ವಿಡಿಯೋದ ತಾರೀಕು ನೋಡಿದರು. ಮೇಜಿನ ಮೇಲಿನ ಕ್ಯಾಲೆಂಡರಿನಲ್ಲಿ ಪೆನ್ನಿನ ತುದಿಯಿಂದ ಒಂದೊಂದೇ ಮನೆ ಮುಟ್ಟುತ್ತಾ ಬಂದರು. ನಾನೂ ಅವರ ಪೆನ್ನಿನ ಜೊತೆ ಎಣಿಸಿದೆ. ನಲವತ್ತೊಂದು. ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಇದಕ್ಕೆ ಇನ್‌ಫಂಟೈಲ್ ಸ್ಪಾಸಂ ಅಂತಾರೆ,” ಎಂದರು. “ಒಂದು ಥರದ ಫಿಟ್ಸ್. ನೋಡೋಕೆ ಫಿಟ್ಸ್ ಥರ ಇರಲ್ಲ. ಹಳೇ ಪುಸ್ತಕಗಳಲ್ಲಿ ಇದನ್ನ ಸಲಾಂ ಅಂತಾನೇ ಕರೀತಿದ್ರು. ನಿಮಗೊಬ್ಬರಿಗೇ ಹಾಗೆ ಕಂಡಿದ್ದಲ್ಲ.”

ಸಮಾಧಾನಕ್ಕೆ ಹೇಳಿದ ಮಾತು. ನನಗೆ ಸಮಾಧಾನವಾಗಲಿಲ್ಲ. ಆ ಪುಸ್ತಕ ಬರೆದವರು ಅದಕ್ಕೆ ಹೆಸರಿಟ್ಟು ಔಷಧಿ ಹುಡುಕಿದರು, ನಾನು ಹೆಸರಿಟ್ಟು ಗುಂಪಿಗೆ ಕಳಿಸಿದೆ.

ನೀಲಾಳ ತಲೆಗೆ ಅಂಟು ಹಚ್ಚಿ, ವೈರು ಅಂಟಿಸಿ, ಮಲಗಿಸಿ, ಇಇಜಿ ತೆಗೆದರು. ತೆರೆಯ ಮೇಲೆ ಗೆರೆಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಎದ್ದು ಬೀಳುತ್ತಿದ್ದವು. ಅದಕ್ಕೆ ಹಿಪ್ಸ್‌ಅರಿದ್ಮಿಯಾ ಎನ್ನುತ್ತಾರಂತೆ. ನನ್ನ ಪಾಠದ ನರಕೋಶದ ಚಿತ್ರದಲ್ಲಿ ಇಂಥದೊಂದು ಪದಕ್ಕೆ ಜಾಗವಿರಲಿಲ್ಲ. ಅರ್ಥವಾಗಲಿಲ್ಲ ಎಂದೆ. “ನೀವು ಟೀಚರಲ್ವಾ,” ಎಂದರು ಡಾಕ್ಟರು. “ಅರವತ್ತು ಮಕ್ಕಳು ಒಟ್ಟಿಗೆ ಕಿರುಚ್ತಾ ಇದ್ದರೆ ನಿಮ್ಮ ಮಾತು ಯಾರಿಗೆ ಕೇಳುತ್ತೆ? ಇವಳ ಮೆದುಳಲ್ಲಿ ಈಗ ಆ ಥರ ಗಲಾಟೆ. ನೀವು ಕರೆಯೋದು ಅವಳಿಗೆ ತಲುಪ್ತಾ ಇಲ್ಲ. ಮೊದಲು ಗಲಾಟೆ ನಿಲ್ಲಿಸೋಣ. ಆಮೇಲೆ ಏನು ಉಳಿದಿದೆ ನೋಡೋಣ.”

ಹೊರಗೆ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಮಲ್ಲೇಶ ಪಿಸುಗುಟ್ಟಿದರು: “ಅಮ್ಮಂಗೆ ಪೂರ್ತಿ ಹೇಳೋದು ಬ್ಯಾಡ ಕಣೇ. ಏನೋ ನಿತ್ರಾಣ ಅನ್ನೋಣ.” ನನಗೆ ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ನೇರ ಹೋಗಿ ಅತ್ತೆಯ ಮುಂದೆ ನಿಂತೆ. “ಅದು ಶರಣು ಅಲ್ಲ ಅತ್ತೆ. ಕಾಯಿಲೆ. ಅವಳು ಒಂದೊಂದು ಸಲ ಬಾಗಿದಾಗಲೂ ಮೆದುಳಿಗೆ ಏಟು ಬೀಳ್ತಿತ್ತು. ನಾವು ನಗ್ತಾ ಇದ್ವಿ.”

ಅವರು ನನ್ನ ಮುಖ ನೋಡಿದರು. ಆಮೇಲೆ ಸೆರಗಿನ ತುದಿಯನ್ನು ಎಂಜಲು ಮಾಡಿಕೊಂಡು ಮಗುವಿನ ಹಣೆಯ ವಿಭೂತಿಯನ್ನು ಒರೆಸತೊಡಗಿದರು. ಅದು ಹೋದ ಮೇಲೂ ಒರೆಸುತ್ತಲೇ ಇದ್ದರು. ಮರುದಿನ ನೋಡಿದರೆ ಪೂಜೆಯ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿತ್ತು.

ಔಷಧಿ ಎಂದರೆ ಸ್ಟೀರಾಯ್ಡ್. ಅದು ನಡೆಯುವಷ್ಟು ದಿನ ಕೆಮ್ಮು ನೆಗಡಿಯವರ ಹತ್ತಿರ ಮಗುವನ್ನು ಬಿಡಬಾರದು. ನಮ್ಮ ಮನೆಯಲ್ಲಿ ಅದು ಆಗದ ಮಾತು. ನೀಲಾಳನ್ನು ಎತ್ತಿಕೊಂಡು ತವರಿಗೆ ಹೋದೆ, ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ. ಅಲ್ಲಿ ನನ್ನ ಅಮ್ಮನೊಬ್ಬಳೇ, ಅವಳು ಏನನ್ನೂ ಕೇಳುವವಳಲ್ಲ. ಮಾತ್ರೆ ಪುಡಿ ಮಾಡಿ ಹಾಲಿನಲ್ಲಿ ಕಲಸಿ ಚಮಚದಿಂದ ಕುಡಿಸಬೇಕು. ಕಹಿ. ಉಗಿದರೆ ಎಷ್ಟು ಉಗಿದಳು, ಎಷ್ಟು ಒಳಗೆ ಹೋಯಿತು ಎಂದು ನಾವಿಬ್ಬರೂ ನೆಲ ನೋಡಿ ಲೆಕ್ಕ ಹಾಕುವುದು. ವಾರದಲ್ಲಿ ನೀಲಾಳ ಮುಖ ಊದಿ, ಕಣ್ಣು ಸಣ್ಣದಾಗಿ, ಅದು ಬೇರೆ ಯಾರದೋ ಮಗುವಿನಂತಾಯಿತು. ದಿನವಿಡೀ ಹಸಿವೆಯ ಅಳು. ಗಲ್ಲಿಯವರು ಮಗು ಎಷ್ಟು ದುಂಡಗಾಗಿದೆ ಎಂದು ಬಾಗಿಲಲ್ಲೇ ನಿಂತು ಹೊಗಳಿ ಹೋಗುತ್ತಿದ್ದರು.

ಪಾಠದ ಟಿಪ್ಪಣಿ ಬರೆಯುವ ಪುಸ್ತಕದಲ್ಲಿ ಮುಂದಿನಿಂದ ದಿನದ ಲೆಕ್ಕ ಬರೆಯುತ್ತಿದ್ದೆ: ಎದ್ದ ಹೊತ್ತು, ಎಷ್ಟು ಸಲ ಬಾಗಿದಳು. ಹತ್ತೊಂಬತ್ತು, ಹದಿನೇಳು, ಇಪ್ಪತ್ತೆರಡು. ಹಿಂದಿನಿಂದ ಪದಗಳಿಗೆ ಅರ್ಥ ಬರೆಯುತ್ತಿದ್ದೆ. ಮಕ್ಕಳಿಗೆ ವರ್ಷವಿಡೀ ಪಾರಿಭಾಷಿಕ ಪದ ಬಾಯಿಪಾಠ ಮಾಡಿಸಿದವಳಿಗೆ ಬಂದ ಶಿಕ್ಷೆ ಅದು. ಪುಸ್ತಕ ಈಗಲೂ ಇದೆ. ಹೈಪೋಟೋನಿಯಾ: ಎತ್ತಿಕೊಂಡರೆ ಕಂಕುಳಿಂದ ಜಾರುವುದು. ರಿಗ್ರೆಷನ್: ಕಲಿತದ್ದನ್ನು ಒಂದೊಂದಾಗಿ ವಾಪಸು ಕೊಡುವುದು. ಪ್ರಾಗ್ನೋಸಿಸ್ ಗಾರ್ಡೆಡ್: ಡಾಕ್ಟರಿಗೂ ಹೆದರಿಕೆ ಇದೆ. ಎಟಿಯಾಲಜಿ ಅನ್‌ನೋನ್: ಯಾಕೆ ಎಂದು ನನ್ನನ್ನು ಕೇಳಬೇಡಿ.

ಮನೆಯ ಹಿಂದೆಯೇ ಬಸದಿ. ಒಳಗಿನ ಕಪ್ಪು ಕಲ್ಲಿನ ಕಂಬಗಳು ಎಷ್ಟು ನುಣುಪೆಂದರೆ ನಿಂತವರ ಮುಖ ಅದರಲ್ಲಿ ಕಾಣುತ್ತದೆ. ಚಿಕ್ಕವಳಿದ್ದಾಗ ಅಲ್ಲಿ ನಾಲಿಗೆ ಚಾಚಿ ಅಣಕಿಸಿಕೊಂಡು ನಕ್ಕವಳು ನಾನು. ಬೆಳಗ್ಗೆ ಪ್ರವಾಸಿಗರು ಬರುವ ಮೊದಲು ನೀಲಾಳನ್ನು ಶಾಲಿನಲ್ಲಿ ಸುತ್ತಿ ಅಲ್ಲಿಗೆ ಒಯ್ಯುತ್ತಿದ್ದೆ. ಕಂಬದ ಮುಂದೆ ಹಿಡಿದು ನಿಲ್ಲುತ್ತಿದ್ದೆ. ಕಂಬದಲ್ಲಿ ನನ್ನ ಮುಖ ಉದ್ದ, ಅವಳದು ಇನ್ನೂ ಅಗಲ. ನೋಡು ಪಾಪು ಯಾರು, ನೋಡು, ನೋಡು. ಅವಳು ನೋಡುತ್ತಿರಲಿಲ್ಲ. ಒಳಗೆ ಎತ್ತರದ ಪಾರ್ಶ್ವನಾಥ ಸುಮ್ಮನೆ ನಿಂತಿದ್ದ. ನಮ್ಮ ಮನೆದೇವರಿಗೆ ಮುಖ ತೋರಿಸಲು ನಾಚಿಕೆಯಾಗಿ ಈ ದೇವರನ್ನು ಕೇಳಿಕೊಂಡೆ. ಒಂದೇ ಒಂದು ಸಲ ಇವಳು ನನ್ನನ್ನು ನೋಡಲಿ, ಇನ್ನೇನೂ ಬೇಡ. ಕೇಳುವಾಗ ಕೈ ಮುಗಿಯಲು ಆಗಲಿಲ್ಲ. ಮಗು ಕೈಯಲ್ಲಿತ್ತು ಎಂದು ಹೇಳಬಹುದು, ಆದರೆ ಅದು ಕಾರಣವಲ್ಲ.

ಔಷಧಿ ಶುರುವಾದ ಹನ್ನೆರಡನೆಯ ಬೆಳಗ್ಗೆ ನೀಲಾ ಎದ್ದಳು, ಬಾಗಲಿಲ್ಲ. ಅರ್ಧ ಗಂಟೆ ಕಾದೆ. ಪುಸ್ತಕದಲ್ಲಿ ಸೊನ್ನೆ ಬರೆದೆ. ಅತ್ತೆ ದಿನಾ ಬೆಳಗ್ಗೆ ಫೋನ್ ಮಾಡಿ ಒಂದೇ ಮಾತು ಕೇಳುತ್ತಿದ್ದರು: “ಇವತ್ತೆಷ್ಟು?” ಅವತ್ತು “ಒಂದೂ ಇಲ್ಲ ಅತ್ತೆ” ಎಂದೆ. ಮರುದಿನವೂ ಸೊನ್ನೆ, ಅದರ ಮರುದಿನವೂ.

ಆ ವಾರ ಮಲ್ಲೇಶ ಬಂದರು. ಕೈಯಲ್ಲಿ ಡಾಕ್ಟರ ಚೀಟಿ. ಅದರಲ್ಲಿ ಗ್ಲೋಬಲ್ ಡೆವಲಪ್‌ಮೆಂಟಲ್ ಡಿಲೇ ಎಂದಿತ್ತು. ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವು. “ಡಿಲೇ ಅಂದ್ರೆ ತಡ ತಾನೆ? ಆಗಲಿ ಬಿಡು. ಅಟ್ಟದ ಮ್ಯಾಲೆ ಕಾಯಿ ಒಣಗಕ್ಕೆ ಹನ್ನೊಂದು ತಿಂಗ್ಳು ಹಾಕಿ ಕೂರೋನು ನಾನು. ಅವಸರ ಮಾಡಿ ಒಡೆದ್ರೆ ಹಸಿ. ಕಾದ್ರೆ ಒಳಗೆ ತಾನೇ ಬಿಟ್ಕೊಂಡು ಗುಂಡಾಗಿ ಆಡ್ತೈತೆ. ಕಾಯೋದು ನಂಗೊತ್ತು ಕಣೇ.”

“ಕೊಬ್ಬರಿ ಅಲ್ಲ ಕಣ್ರೀ ಇದು,” ಎಂದೆ. “ಕಾದಿದ್ದಕ್ಕೇ ಹೀಗಾಗಿದ್ದು.” ಅವರ ಮುಖದ ಗೆಲುವು ಹೋಯಿತು. ಅದನ್ನು ನಾನು ಉಳಿಸಬಹುದಿತ್ತು. ಅವರು ಊಟ ಮಾಡದೆ ಹೊರಟರು, ಬೈಕು ಹತ್ತುವ ಮುಂಚೆ ವಾಪಸು ಬಂದು ಮಗುವಿನ ಪಾದ ಮುಟ್ಟಿ ಹೋದರು.

ಶಿವರಾತ್ರಿ ಹತ್ತಿರವಾಯಿತು. ಸ್ಟೀರಾಯ್ಡ್ ಇಳಿಸುತ್ತಾ ಬಂದು ಕೊನೆಯ ಕಾಲು ಮಾತ್ರೆಗೆ ತಂದಿದ್ದೆವು. ಚಳಿ ಬಿಟ್ಟಿತ್ತು. ಒಂದು ಬೆಳಗ್ಗೆ ನೀಲಾ ಎದ್ದು ನನ್ನ ತೊಡೆಯ ಮೇಲೆ ಕೂತಾಗ ಅವಳ ಕತ್ತು ಒಮ್ಮೆ ಮುಂದಕ್ಕೆ ಬಿತ್ತು. ಒಂದೇ ಸಲ. ಕೈಗಳು ಅರ್ಧ ಎದ್ದು ಇಳಿದವು. ಪುಸ್ತಕ ತೆಗೆದೆ. ಸೊನ್ನೆ ಬರೆದೆ.

ಮರುದಿನ ಎರಡು ಸಲ. ಸೊನ್ನೆ ಬರೆದೆ. ಅತ್ತೆಗೂ ಇಲ್ಲ ಎಂದೆ. ಮೂರನೆಯ ದಿನ ನಾಲ್ಕು ಸಲ. ಅದಕ್ಕೂ ಸೊನ್ನೆ. ಬರೆಯದಿದ್ದರೆ ಆಗಿಲ್ಲ ಎಂದು ನಂಬುವಷ್ಟು ನಾನು ಕೆಳಗಿಳಿದಿದ್ದೆ. ಕಾರ್ತಿಕದಲ್ಲಿ ತಿಳಿಯದೆ ನಲವತ್ತೊಂದು ದಿನ ಕಳೆದೆ, ಈಗ ಎಲ್ಲ ತಿಳಿದೂ ಮೂರು ದಿನ ಕಳೆದೆ. ನಾಲ್ಕನೆಯ ದಿನ ಹನ್ನೊಂದು ಸಲ ಬಾಗಿದಳು. ಹಾಸನದ ಬಸ್ಸು ಹತ್ತಿದೆ.

ಡಾಕ್ಟರು ಪುಸ್ತಕ ನೋಡಿದರು. “ನಿನ್ನೆವರೆಗೂ ಸೊನ್ನೆ ಇದೆಯಲ್ಲ?”

“ಸುಳ್ಳು ಬರೆದಿದ್ದೆ,” ಎಂದೆ.

ಅವರು ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದರು. ಬೇರೆ ಔಷಧಿ ಬರೆದರು. ಎದ್ದು ಹೊರಡುವಾಗ ಕೇಳಿಯೇಬಿಟ್ಟೆ: “ಮೊದಲನೇ ದಿನವೇ ಬಂದಿದ್ದರೆ?” ಡಾಕ್ಟರು ಕನ್ನಡಕ ತೆಗೆದರು. “ಬೇಗ ಬಂದಷ್ಟೂ ಒಳ್ಳೇದು ಅನ್ನೋದು ನಿಜ. ನೀಲಾ ವಿಷಯದಲ್ಲಿ ಏನಾಗ್ತಿತ್ತು ಅಂತ ನನಗೆ ಗೊತ್ತಿಲ್ಲ. ಗೊತ್ತು ಅಂದರೆ ಅದೂ ಸುಳ್ಳೇ ಆಗುತ್ತೆ.” ಹೌದು ಎಂದಿದ್ದರೆ ಸಾಯಬಹುದಿತ್ತು, ಇಲ್ಲ ಎಂದಿದ್ದರೆ ಬದುಕಬಹುದಿತ್ತು. ಅವರು ಎರಡಕ್ಕೂ ದಾರಿ ಬಿಡಲಿಲ್ಲ.

ಎರಡನೆಯ ಔಷಧಿಗೆ ಅದು ನಿಂತಿತು. ಯುಗಾದಿಯ ಹೊತ್ತಿಗೆ ನಿಂತದ್ದು ಮತ್ತೆ ಬರಲಿಲ್ಲ. ಆದರೆ ಗಲಾಟೆ ನಿಂತ ಮೇಲೆ ಏನು ಉಳಿದಿದೆ ಎಂದು ನಾವು ಇವತ್ತಿಗೂ ಹುಡುಕುತ್ತಲೇ ಇದ್ದೇವೆ. ನೀಲಾಗೆ ಈಗ ಮೂರೂವರೆ. ಆನಿಸಿ ಕೂರಿಸಿದರೆ ಕೂರುತ್ತಾಳೆ. ಅತ್ತೆಯ ದನಿ ಕೇಳಿದರೆ ತಲೆ ತಿರುಗಿಸುತ್ತಾಳೆ. ಕೆಲವು ದಿನ ನನ್ನ ಮುಖದ ಮೇಲೆ ಅವಳ ಕಣ್ಣು ಬಂದು ನಿಲ್ಲುತ್ತದೆ, ನಾನು ಉಸಿರು ಬಿಗಿ ಹಿಡಿಯುತ್ತೇನೆ, ಅದು ಮುಂದೆ ಹೋಗುತ್ತದೆ. ನಡೆಯುವುದಿಲ್ಲ. ಅಮ್ಮ ಎಂದಿಲ್ಲ.

ಬಾಣಾವರಕ್ಕೆ ವಾಪಸು ಬರುತ್ತೇನೆ. ಅತ್ತೆ ನನ್ನ ಮೊಣಕೈ ಬಿಟ್ಟು ಎದ್ದರು. ಮಂಡಿ ನೋವಿನ ಹೆಂಗಸು, ಗುಂಪಿನ ನಡುವೆ ನುಗ್ಗಿ ಆ ಕೂಸಿನ ಮುಂದೆ ನೆಲಕ್ಕೆ ಕೂತರು. ತಾಯಿಯನ್ನು ಕೇಳಿದರು: “ಎದ್ದೇಟ್ಗೆ ಮಾಡ್ತೈತಾ ಹಿಂಗೆ?”

“ಇಲ್ಲ ಅಜ್ಜಿ, ಹೇಳಿದ್ರೆ ಮಾಡ್ತಾನೆ.”

“ಒಂದರ ಹಿಂದೊಂದು, ಒಂದರ ಹಿಂದೊಂದು ಮಾಡ್ತೈತಾ? ಆಮ್ಯಾಕೆ ಅಳ್ತೈತಾ?”

ತಾಯಿ ಗಾಬರಿಯಾಗಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಯಾರೋ “ಶುಭಕಾರ್ಯದಲ್ಲಿ ಇದೇನು ಮಾತು” ಎಂದು ಗೊಣಗಿದರು. ಅತ್ತೆ ಕೇಳಿಸಿಕೊಳ್ಳಲಿಲ್ಲ. “ಇನ್‌ಫಂಟೈಲ್ ಸ್ಪಾಸಂ ಅಂತ ಒಂದೈತೆ ಕಣವ್ವ,” ಎಂದರು. ಇಂಗ್ಲಿಷ್ ಓದಲು ಬಾರದವರು, ಒಂದಕ್ಷರ ತಪ್ಪದೆ ಹೇಳಿದರು. “ಹಂಗೇನಾರ ಕಂಡ್ರೆ ಒಂದಿನಾನೂ ಕಾಯ್ಬ್ಯಾಡ.” ಆಮೇಲೆ ತಮ್ಮ ಮುಖವನ್ನು ಕೂಸಿನ ಮುಖಕ್ಕೆ ಹತ್ತಿರ ತಂದು ಹಾಗೇ ಇಟ್ಟರು. ಕೂಸು ಅವರನ್ನು ನೋಡಿತು. ಹಣೆ ನೋಡಿತು, ಮೂಗುಬಟ್ಟು ನೋಡಿತು, ಕಣ್ಣಲ್ಲಿ ಕಣ್ಣಿಟ್ಟು ಬಾಯಗಲಿಸಿ ನಕ್ಕಿತು. ಅತ್ತೆಯೂ ನಕ್ಕರು. ನಗುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾವು ಊಟಕ್ಕೆ ನಿಲ್ಲದೆ ಬಂದುಬಿಟ್ಟೆವು.

ಈಗ ಬೆಳಗಿನ ಹೊತ್ತು ನಮ್ಮ ಮನೆಯಲ್ಲಿ ಗಂಟೆ ಬಾರಿಸುವುದಿಲ್ಲ. ಅತ್ತೆ ಪೂಜೆ ಮುಗಿಸಿ ಬಂದು ನೀಲಾಳ ಚಾಪೆಯ ಹತ್ತಿರ ಕೂರುತ್ತಾರೆ. ಥೆರಪಿಯವರು ಹೇಳಿಕೊಟ್ಟ ವ್ಯಾಯಾಮಗಳಲ್ಲಿ ಮೊದಲನೆಯದು, ಎರಡೂ ಕೈಯನ್ನು ಎದೆಯ ನಡುವಿಗೆ ತಂದು ಕೂಡಿಸಿ ಹತ್ತು ಎಣಿಸುವುದು. ಮಿಡ್‌ಲೈನ್ ಎನ್ನುತ್ತಾರೆ ಅದಕ್ಕೆ. ಎಲ್ಲ ಕೆಲಸಕ್ಕೂ ಅದೇ ಮೊದಲಂತೆ, ತಟ್ಟೆ ಹಿಡಿಯಲು, ಲೋಟ ಹಿಡಿಯಲು, ಇನ್ನೊಬ್ಬರ ಕೈ ಹಿಡಿಯಲು. ದಿನಕ್ಕೆ ಇಪ್ಪತ್ತು ಸಲ ಮಾಡಿಸಬೇಕು. ಅತ್ತೆ ನೀಲಾಳ ಎರಡೂ ಅಂಗೈ ತಂದು ಸೇರಿಸುತ್ತಾರೆ, ತಮ್ಮ ಕೈಯನ್ನು ಅದರ ಮೇಲೆ ಮುಚ್ಚಿ, “ಒಂದು, ಎಲ್ಡು, ಮೂರು,” ಎಂದು ಎಣಿಸುತ್ತಾರೆ. ಹತ್ತಕ್ಕೆ ಬಿಡುತ್ತಾರೆ. ನೀಲಾಳ ಕೈಗಳು ಎರಡು ಕಡೆಗೆ ಬಿದ್ದುಹೋಗುತ್ತವೆ. ಅತ್ತೆ ಮತ್ತೆ ತಂದು ಸೇರಿಸುತ್ತಾರೆ.